ಭಟ್ಟರನ್ನು ಬಿಡಿಸುವ ಮುನ್ನ ಉಗ್ರಾಣ ನೋಡಿ

2025ರ ಮೇ 21ರ ರಾತ್ರಿ. ನಮ್ಮ ಗಡಿಯಾರದ ಲೆಕ್ಕದಲ್ಲಿ ಅದಾಗಲೇ 22ರ ನಡುರಾತ್ರಿ ಕಳೆದಿತ್ತು. ಮುಂಬಯಿಯ ಕನ್ನಡಿಗರ ಹೊಟೇಲೊಂದರ ಮುಂಬಾಗಿಲು ಮುಚ್ಚಿತ್ತು. ಕುರ್ಚಿಗಳು ಮೇಜುಗಳ ಮೇಲೇರಿದ್ದವು; ತೊಳೆದ ನೆಲ ಇನ್ನೂ ಆರಿರಲಿಲ್ಲ. ಪತ್ರಿಕೆಯ ಕೆಲಸ ಮುಗಿಸಿ ಒಂದು ಲೋಟ ಚಹಾದ ಆಸೆಯಿಂದ ಹಿಂಬಾಗಿಲಲ್ಲಿ ಒಳಹೊಕ್ಕ ನಮಗೆ ಕಂಡದ್ದು, ಒಂದೇ ಒಂದು ಮೊಬೈಲಿನ ಸುತ್ತ ತಲೆಗೂಡಿಸಿ ಕುಳಿತ ಏಳೆಂಟು ಮಂದಿ ತರುಣರು. ಬೆಳಗಿನ ಐದಕ್ಕೆ ಒಲೆ ಹೊತ್ತಿಸಬೇಕಾದವರು, ನಿದ್ದೆಗೆಟ್ಟು ಸ್ಪೇನ್ ದೇಶದ ಬಿಲ್ಬಾವೋ ಪಟ್ಟಣದಲ್ಲಿ ನಡೆಯುತ್ತಿದ್ದ ಕಾಲ್ಚೆಂಡಾಟವನ್ನು ನೋಡುತ್ತಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಟಾಟನ್‌ಹ್ಯಾಮ್ ಎಂಬೆರಡು ಕ್ಲಬ್ಬುಗಳ ನಡುವೆ ಯುರೋಪಾ ಲೀಗಿನ ಅಂತಿಮ ಪಂದ್ಯ.

ಟಾಟನ್‌ಹ್ಯಾಮ್ ತಂಡ ಒಂದು ಗೋಲಿನಿಂದ ಗೆದ್ದಿತು. ಮೊಬೈಲಿನ ದೀಪ ಆರಿದ ಮೇಲೆಯೇ ನಿಜವಾದ ಆಟ ಆರಂಭವಾಯಿತೆನ್ನಬೇಕು. ಯುನೈಟೆಡ್ಡಿನ ಮೆನೇಜರರಾಗಿ ಆಗ ಇದ್ದವರು ಪೋರ್ಚುಗಲ್ಲಿನ ರೂಬೆನ್ ಅಮೊರಿಮ್. ಅವರನ್ನು ಉಳಿಸಿಕೊಳ್ಳಬೇಕೇ, ಬಿಡಿಸಬೇಕೇ?

“ಬಂದು ಆರು ತಿಂಗಳಾಯಿತು ಮಾರಾಯ, ಹಿಂದೆ ಮೂವರನ್ನು ನಿಲ್ಲಿಸುವ ಅದೊಂದೇ ಪದ್ಧತಿ. ಗಿರಾಕಿ ದೋಸೆ ಬೇಡವೆಂದರೂ ದೋಸೆಯನ್ನೇ ಹೊಯ್ಯುತ್ತ ಕೂತರೆ ಗಲ್ಲಾ ತುಂಬುತ್ತದೆಯೇ?” ಎಂದ ಒಬ್ಬ ಮಾಣಿ.

“ಹೊಸ ಪದ್ಧತಿ ಕೈಗೆ ಹತ್ತಬೇಕಾದರೆ ಸಮಯ ಬೇಕಣ್ಣ. ಸೋತ ಕೂಡಲೇ ಕೈಬಿಡುವುದಾದರೆ ನಾವು ಅಭಿಮಾನಿಗಳೇ, ಜೂಜಾಡುವವರೇ?” ಎಂದ ಪಕ್ಕದ ಕೋಣೆಯ ಕಾರಕೂನ.

ವಾದ ಏರಿತು. ಕಡೆಗೆ ಇಬ್ಬರೂ ನಮ್ಮ ಕಡೆ ತಿರುಗಿ, “ಧಣಿ, ಹದಿನೈದು ವರ್ಷ ಹೊಟೇಲು ನಡೆಸಿದವರು ನೀವು. ನೀವೇ ಹೇಳಿ” ಎಂದರು. ಆ ರಾತ್ರಿ ನಾವು ಚಹಾ ಕುಡಿದು ಸುಮ್ಮನೆ ಎದ್ದುಬಂದೆವು. ಸುಮ್ಮನಿದ್ದುದಕ್ಕೆ ಕಾರಣವಿತ್ತು. ಅದನ್ನು ಈಗ ವಾಚಕರ ಮುಂದೆ ಇಡುತ್ತೇವೆ.

ಮೊದಲು ಒಂದು ಮಾತು. ನಮ್ಮ ಹೊಟೇಲುಗಳಲ್ಲಿ ಮೆನೇಜರನೆಂದರೆ ಗಲ್ಲಾದ ಮೇಲೆ ಕುಳಿತು ಲೆಕ್ಕ ನೋಡುವವನು. ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ಆ ಪದಕ್ಕೆ ಅರ್ಥ ಬೇರೆ. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಆಡಬೇಕು ಎಂಬುದನ್ನೆಲ್ಲ ನಿರ್ಧರಿಸುವವನು ಅವನೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವನು ಅಡಿಗೆಯ ಭಟ್ಟ. ಊಟ ಕೆಟ್ಟರೆ ಎಲ್ಲರ ಬೆರಳೂ ಅವನ ಕಡೆಗೇ. ಹನ್ನೊಂದು ಮಂದಿ ಆಟಗಾರರನ್ನು ಒಂದೇ ದಿನ ಬದಲಾಯಿಸಲಾಗದು. ಯಜಮಾನರನ್ನು ಬದಲಾಯಿಸುವುದು ಯಾರ ಕೈಯಲ್ಲೂ ಇಲ್ಲ. ಸುಲಭವಾಗಿ ತೆರವಾಗುವ ಕುರ್ಚಿ ಅದೊಂದೇ.

ಆ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಇಪ್ಪತ್ತು ತಂಡಗಳ ಲೀಗಿನಲ್ಲಿ 42 ಅಂಕ ಗಳಿಸಿ 15ನೆಯ ಸ್ಥಾನದಲ್ಲಿ ನಿಂತಿತು. ಗೆದ್ದ ಟಾಟನ್‌ಹ್ಯಾಮಿನ ಸ್ಥಿತಿ ಅದಕ್ಕಿಂತ ಕೀಳು. 38 ಪಂದ್ಯಗಳಲ್ಲಿ 22 ಸೋಲು, 17ನೆಯ ಸ್ಥಾನ. ಆದರೂ ಅವರ ಮೆನೇಜರರಾದ ಆಂಜ್ ಪೊಸ್ಟೆಕೊಗ್ಲು ಅವರು ಹದಿನೇಳು ವರ್ಷಗಳಿಂದ ಒಂದೂ ಬಹುಮಾನ ಕಾಣದಿದ್ದ ಕ್ಲಬ್ಬಿಗೆ ಬಿಲ್ಬಾವೋದಲ್ಲಿ ಬಹುಮಾನ ದೊರಕಿಸಿಕೊಟ್ಟರು. ಅದಾದ ಹದಿನಾರನೆಯ ದಿನ, ಜೂನ್ 6ರಂದು, ಕ್ಲಬ್ಬು ಅವರನ್ನು ಬಿಡಿಸಿತು! ಸೋತವರ ಕೆಲಸ ಆಗ ಉಳಿಯಿತು, ಗೆದ್ದವರ ಕೆಲಸ ಹೋಯಿತು. ಹೀಗಿರಲು, ಉಳಿಸುವುದಕ್ಕೂ ಬಿಡಿಸುವುದಕ್ಕೂ ಅಳತೆಗೋಲು ಯಾವುದು?

ತಾಳ್ಮೆಯ ಪಕ್ಷದವರು ಇಂಥಲ್ಲಿ ಯಾವಾಗಲೂ ಒಂದೇ ಹೆಸರನ್ನು ಎತ್ತುತ್ತಾರೆ: ಅಲೆಕ್ಸ್ ಫರ್ಗುಸನ್. ಆ ಕತೆಯನ್ನು ಪೂರ್ಣವಾಗಿ ಕೇಳುವುದು ಒಳ್ಳೆಯದು.

ಸ್ಕಾಟ್ಲೆಂಡಿನ ಅಬರ್ಡೀನ್ ತಂಡವನ್ನು ಎತ್ತಿ ನಿಲ್ಲಿಸಿದ ಕೀರ್ತಿಯೊಡನೆ ಫರ್ಗುಸನ್ನರು 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಬಂದರು. ಮೊದಲ ವರ್ಷ 11ನೆಯ ಸ್ಥಾನ, ಮರುವರ್ಷ 2ನೆಯದು, ಅದರ ಮರುವರ್ಷ ಮತ್ತೆ 11. ಅವರು ಶಿಸ್ತಿನ ಮನುಷ್ಯ. ಕುಡಿತ ಆಗಿನ ಆಟಗಾರರಲ್ಲಿ ಬೇರೂರಿದ್ದ ಅಭ್ಯಾಸ. ಅದನ್ನು ಕಿತ್ತುಹಾಕಲು ಹೊರಟ ಅವರು 1989ರ ಬೇಸಿಗೆಯಲ್ಲಿ ಅಭಿಮಾನಿಗಳ ಕಣ್ಮಣಿಗಳಾಗಿದ್ದ ನಾರ್ಮನ್ ವೈಟ್‌ಸೈಡ್ ಮತ್ತು ಪಾಲ್ ಮೆಗ್ರಾ ಇಬ್ಬರನ್ನೂ ಬೇರೆ ಕ್ಲಬ್ಬುಗಳಿಗೆ ಮಾರಿಬಿಟ್ಟರು. ಅವರ ಬದಲು ಹೊಸಬರನ್ನು ತಂದರು. ಗ್ಯಾರಿ ಪ್ಯಾಲಿಸ್ಟರ್ ಒಬ್ಬನಿಗೇ 23 ಲಕ್ಷ ಪೌಂಡು. ಅಷ್ಟಾಗಿ ಸೆಪ್ಟೆಂಬರ್ 23ರಂದು ನೆರೆಯ ಮ್ಯಾಂಚೆಸ್ಟರ್ ಸಿಟಿಯ ಎದುರು 5-1ರ ಸೋಲು. ಡಿಸೆಂಬರಿನಲ್ಲಿ ಆರು ಲೀಗ್ ಪಂದ್ಯಗಳು. ಗೆಲುವು ಒಂದೂ ಇಲ್ಲ. ಅದೇ ತಿಂಗಳ 9ರಂದು, ಸ್ವಂತ ಅಂಗಳದಲ್ಲಿ ಕ್ರಿಸ್ಟಲ್ ಪ್ಯಾಲೆಸ್ ತಂಡಕ್ಕೆ ಸೋತ ದಿನ, ಮೂರು ವರ್ಷ ನೆಪ ಕೇಳಿದ್ದು ಸಾಕು, ಇನ್ನು ಹೊರಡಿ ಎಂಬರ್ಥದ ಬಟ್ಟೆಯ ಫಲಕವೊಂದನ್ನು ಗ್ಯಾಲರಿಯಲ್ಲಿ ಎತ್ತಿಹಿಡಿದರು. ಅದನ್ನು ಹಿಡಿದವರು ಶತ್ರುಗಳಲ್ಲ. ಮಳೆ ಚಳಿಯೆನ್ನದೆ ದುಡ್ಡು ಕೊಟ್ಟು ಬರುತ್ತಿದ್ದ ಅಭಿಮಾನಿಗಳೇ. ಪ್ರೀತಿಯಿಲ್ಲದವನು ಬಟ್ಟೆಗೆ ಬಣ್ಣ ಬಳಿಯುವ ಶ್ರಮ ಪಡುವುದಿಲ್ಲ.

1990ರ ಜನವರಿ 7ರಂದು ಎಫ್.ಎ. ಕಪ್ಪಿನ ಪಂದ್ಯ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದ ಅಂಗಳದಲ್ಲಿ. ಸೋತರೆ ಫರ್ಗುಸನ್ನರಿಗೆ ವಿದಾಯವೆಂದು ಪತ್ರಿಕೆಗಳು ಬರೆದವು. ಮಾರ್ಕ್ ರಾಬಿನ್ಸ್ ಎಂಬ ಎಳೆಯ ತರುಣ ತಲೆಯಿಂದ ಹೊಡೆದ ಒಂದು ಗೋಲಿನಿಂದ ತಂಡ ಗೆದ್ದಿತು. ಮೇ ತಿಂಗಳಲ್ಲಿ ಕಪ್ಪನ್ನೂ ಗೆದ್ದಿತು. ಆ ವರ್ಷ ಲೀಗಿನಲ್ಲಿ ಅದರ ಸ್ಥಾನ ಮಾತ್ರ 13. ಅನಂತರದ ಕತೆ ಲೋಕಕ್ಕೆ ತಿಳಿದದ್ದೇ. 1993ರಲ್ಲಿ, 26 ವರ್ಷಗಳ ಮೇಲೆ, ಲೀಗ್ ಪ್ರಶಸ್ತಿ. 2013ರಲ್ಲಿ ಅವರು ನಿವೃತ್ತರಾಗುವಾಗ ಒಟ್ಟು ಹದಿಮೂರು ಲೀಗ್ ಪ್ರಶಸ್ತಿಗಳು.

ಆ ಒಂದು ಗೋಲು ಅವರನ್ನು ಉಳಿಸಿತೆಂದು ಜನ ಹೇಳುತ್ತಾರೆ. ಅಂದು ಕ್ಲಬ್ಬಿನ ಅಧ್ಯಕ್ಷರಾಗಿದ್ದ ಮಾರ್ಟಿನ್ ಎಡ್ವರ್ಡ್ಸರು ಮಾತ್ರ, ಸೋತಿದ್ದರೂ ಬಿಡಿಸುತ್ತಿರಲಿಲ್ಲವೆಂದು ಮುಂದೆ ತಿಳಿಸಿದರು. ಗ್ಯಾಲರಿಯಲ್ಲಿ ಕುಳಿತವರಿಗೆ ಕಾಣದಿದ್ದ ಒಂದು ಕೆಲಸ ಆಡಳಿತದವರಿಗೆ ಕಾಣುತ್ತಿತ್ತು. ಫರ್ಗುಸನ್ನರು ಬಂದ ಲಾಗಾಯ್ತು ಊರಿನ ಗಲ್ಲಿಗಲ್ಲಿಗೂ ಜನರನ್ನು ಅಟ್ಟಿ, ಒಳ್ಳೆಯ ಹುಡುಗರನ್ನು ಹುಡುಕಿಸುತ್ತಿದ್ದರು. ಮ್ಯಾಂಚೆಸ್ಟರ್ ಸಿಟಿಯ ಶಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ ರಯಾನ್ ಗಿಗ್ಸ್ ಎಂಬ ಬಾಲಕನ ಮನೆಗೆ, ಅವನ ಹದಿನಾಲ್ಕನೆಯ ಹುಟ್ಟುಹಬ್ಬದ ದಿನ, 1987ರ ನವೆಂಬರ್ 29ರಂದು, ಸ್ವತಃ ಮೆನೇಜರರೇ ಹೋಗಿ ಕದ ತಟ್ಟಿದರು. 1992ರಲ್ಲಿ ಕಿರಿಯರ ಕಪ್ಪನ್ನು ಗೆದ್ದ ತಂಡದಲ್ಲಿ ಆ ಗಿಗ್ಸ್ ಇದ್ದ, ಬೆಕ್‌ಹ್ಯಾಮ್ ಇದ್ದ, ಗ್ಯಾರಿ ನೆವಿಲ್ ಇದ್ದ, ನಿಕಿ ಬಟ್ ಇದ್ದ. ಮೇಜಿನ ಮೇಲೆ ಎಲೆ ಖಾಲಿ ಕಾಣುತ್ತಿದ್ದಾಗ ಉಗ್ರಾಣ ತುಂಬುತ್ತಿತ್ತು.

ಹಾಗಾದರೆ ಕಾದವರಿಗೆಲ್ಲ ಫಲ ದೊರೆಯುವುದೇ? ಇಲ್ಲ. ಅದಕ್ಕೂ ಅದೇ ಜನವರಿ 7ರ ಅಂಗಳವೇ ಸಾಕ್ಷಿ. ಅಂದು ಎದುರು ಪಕ್ಷದ ಮೆನೇಜರರಾಗಿದ್ದವರು ಬ್ರಯಾನ್ ಕ್ಲಫ್. 1975ರಲ್ಲಿ ಎರಡನೆಯ ದರ್ಜೆಯಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು ಕೈಗೆತ್ತಿಕೊಂಡು, 1978ರಲ್ಲಿ ಲೀಗ್ ಪ್ರಶಸ್ತಿಯನ್ನೂ 1979 ಮತ್ತು 1980ರಲ್ಲಿ ಯುರೋಪಿನ ಅತ್ಯುನ್ನತ ಕಪ್ಪನ್ನೂ ಗೆದ್ದುಕೊಟ್ಟ ಪುಣ್ಯಾತ್ಮ. ಅಂಥವರನ್ನು ಹೊರಡಿ ಎನ್ನುವ ನಾಲಿಗೆ ಯಾರಿಗಿದ್ದೀತು? 1992ರಲ್ಲಿ ಡೆಸ್ ವಾಕರ್ ಇಟಲಿಗೆ ಹೋದ. ಟೆಡ್ಡಿ ಶೆರಿಂಗ್‌ಹ್ಯಾಮ್ ಟಾಟನ್‌ಹ್ಯಾಮಿಗೆ ಮಾರಾಟವಾದ. ಅವರ ಜಾಗ ತುಂಬುವವರು ಬರಲಿಲ್ಲ. ಕ್ಲಫ್ಫರ ಆರೋಗ್ಯವೂ ಕುಂದಿತ್ತು. ಜನ ಕಾದರು, ಕಾಯುತ್ತಲೇ ಇದ್ದರು. 1993ರ ಮೇ 1ರಂದು ಸ್ವಂತ ಅಂಗಳದ ಕೊನೆಯ ಪಂದ್ಯವನ್ನೂ ಸೋತು, 22 ತಂಡಗಳಲ್ಲಿ 22ನೆಯದಾಗಿ ಫಾರೆಸ್ಟ್ ಕೆಳದರ್ಜೆಗೆ ಇಳಿಯಿತು. ಆದರೂ ಪ್ರೇಕ್ಷಕರು ಅವರ ಹೆಸರನ್ನೇ ಹಾಡಿ, ಕಣ್ಣೀರಿಟ್ಟು ಬೀಳ್ಕೊಟ್ಟರು. ಅದು ಉಪಕಾರಸ್ಮರಣೆ, ಅದಕ್ಕೆ ಕೈಮುಗಿಯಬೇಕು. ಆದರೆ ಕೃತಜ್ಞತೆ ಬೇರೆ, ಆಡಳಿತ ಬೇರೆ. ಬರಿದಾಗುತ್ತಿದ್ದ ಉಗ್ರಾಣವನ್ನು ಭಟ್ಟರ ಮೇಲಿನ ಪ್ರೀತಿಯಿಂದ ಯಾರೂ ತೆರೆದು ನೋಡದೆ ಹೋದರು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಹೊಟೇಲು ನಡೆಸುತ್ತಿದ್ದಾಗ ಒಂದು ಮಳೆಗಾಲ ವ್ಯಾಪಾರ ಕುಸಿಯಿತು. ಹುಳಿಯಲ್ಲಿ ಬೇಳೆ ಬೆಂದಿಲ್ಲ, ರುಚಿ ಕೆಟ್ಟಿದೆ ಎಂದು ದಿನನಿತ್ಯದ ಗಿರಾಕಿಗಳು ದೂರಿದರು. ಅಡಿಗೆಯ ಭಟ್ಟರು ಹೊಸಬರೇನಲ್ಲ. ಆರು ವರ್ಷ ನಮ್ಮಲ್ಲಿ ದುಡಿದವರು. “ಬೇಳೆ ಸರಿಯಿಲ್ಲ ಸ್ವಾಮಿ, ಎಷ್ಟು ಹೊತ್ತು ಬೇಯಿಸಿದರೂ ಕರಗುವುದಿಲ್ಲ” ಎಂದು ಅವರು ಎರಡು ಸಲ ಹೇಳಿದರು. ಕೈಲಾಗದವನ ನೆಪವೆಂದು ನಾವು ತಳ್ಳಿಹಾಕಿದೆವು. ತಿಂಗಳ ಕೊನೆಯಲ್ಲಿ ಲೆಕ್ಕ ಚುಕ್ತಾ ಮಾಡಿ ಕಳುಹಿಸಿದೆವು. ಹೊಸ ಭಟ್ಟರು ಬಂದರು; ಹುಳಿ ಹಾಗೆಯೇ ಉಳಿಯಿತು. ಆಗ ಉಗ್ರಾಣಕ್ಕೆ ಇಳಿದು ಮೂಟೆ ಬಿಚ್ಚಿಸಿ ನೋಡಿದರೆ, ಎರಡು ವರ್ಷ ಗೋದಾಮಿನಲ್ಲಿ ಕೊಳೆತು ಒಣಗಿದ ತೊಗರಿಬೇಳೆ! ಕಿಲೋವಿಗೆ ಕೆಲವು ರೂಪಾಯಿ ಉಳಿಯುವುದೆಂದು ಅದನ್ನು ಕೊಂಡವರು ಬೇರಾರೂ ಅಲ್ಲ, ನಾವೇ. ಹಳೆಯ ಭಟ್ಟರನ್ನು ಹುಡುಕಿಕೊಂಡು ಪುಣೆಗೆ ಹೋದೆವು. ಅಲ್ಲಿ ಅವರು ಬೇರೊಂದು ಹೊಟೇಲಿನಲ್ಲಿ ನೆಲೆಯೂರಿದ್ದರು. ನಮಗೆ ಕಾಫಿ ಕೊಟ್ಟು, “ಬೇಳೆ ಬದಲಾಯಿಸಿದಿರಲ್ಲ, ಸಂತೋಷ” ಎಂದಷ್ಟೇ ಹೇಳಿದರು. ಹಿಂದಿರುಗಿ ಬನ್ನಿ ಎಂದು ಕೇಳುವ ಬಾಯಿ ನಮಗೆ ಬರಲಿಲ್ಲ. ಅಂದು ರಾತ್ರಿ ತರುಣರ ಪ್ರಶ್ನೆಗೆ ನಾವು ಸುಮ್ಮನಾದುದು ಆ ಕಾಫಿಯ ನೆನಪಿನಿಂದ.

ಈಗ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಉಗ್ರಾಣದ ಬಾಗಿಲು ತೆರೆಯೋಣ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಆ ಕ್ಲಬ್ಬನ್ನು ಕೊಂಡಾಗ, ಕೊಳ್ಳಲು ಎತ್ತಿದ ಸಾಲದ ಬಹುಭಾಗವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಫರ್ಗುಸನ್ನರು ಹೋದ 2013ರಿಂದ 2024ರೊಳಗೆ ಆರು ಮಂದಿ ಖಾಯಂ ಮೆನೇಜರರು ಬಂದರು. ಒಬ್ಬೊಬ್ಬರು ಒಂದೊಂದು ಬಗೆಯ ಆಟಗಾರರನ್ನು ಕೊಳ್ಳಿಸಿದರು. ಅಮೊರಿಮ್ಮರಿಗಿಂತ ಹಿಂದೆ ಇದ್ದ ಎರಿಕ್ ಟೆನ್ ಹಾಗ್ ಅವರ ಕರಾರನ್ನು 2024ರ ಜುಲೈನಲ್ಲಿ ಮುಂದುವರಿಸಿ, ಅಕ್ಟೋಬರಿನಲ್ಲಿ ಅವರನ್ನು ಬಿಡಿಸಿದರು. ಉಪ್ಪಿಟ್ಟಿಗೆಂದು ತಂದ ರವೆ, ಹೋಳಿಗೆಗೆಂದು ತಂದ ಬೆಲ್ಲ, ಬಿರಿಯಾನಿಗೆಂದು ತಂದ ಅಕ್ಕಿ, ಎಲ್ಲ ಒಂದೇ ಉಗ್ರಾಣದಲ್ಲಿ ರಾಶಿ. ಅದರ ಮುಂದೆ ಹೊಸ ಭಟ್ಟರನ್ನು ನಿಲ್ಲಿಸಿ, ಮದುವೆಯೂಟ ಮಾಡಿ ಎಂದರೆ ಅವರು ಏನು ಮಾಡಿಯಾರು?

ಇನ್ನೂ ಒಂದು ಸಂಗತಿಯಿದೆ. ನಮ್ಮ ಹೊಟೇಲು ಕಾರ್ಮಿಕ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಕ್ಲಬ್ಬು 2024ರಲ್ಲಿ ಸುಮಾರು 250 ಹುದ್ದೆಗಳನ್ನು ತೆಗೆಯಿತು. ಐದು ವರ್ಷ ಸತತವಾಗಿ ನಷ್ಟವೆಂದು ಹೇಳಿ 2025ರ ಫೆಬ್ರವರಿಯಲ್ಲಿ ಮತ್ತೆ 150ರಿಂದ 200 ಹುದ್ದೆಗಳು ಹೋಗಬಹುದೆಂದು ಸಾರಿತು. ಓಲ್ಡ್ ಟ್ರ್ಯಾಫರ್ಡ್ ಅಂಗಳದ ಸಿಬ್ಬಂದಿಗೆ ಕೊಡುತ್ತಿದ್ದ ಉಚಿತ ಮಧ್ಯಾಹ್ನದ ಊಟವನ್ನು ನಿಲ್ಲಿಸಿ, ಅದರ ಬದಲು ಹಣ್ಣು ಇಡುವುದೆಂದಾಯಿತು! ನಮ್ಮಲ್ಲಿ ಎಷ್ಟೇ ಬಡ ಹೊಟೇಲಾಗಲಿ, ಪಾತ್ರೆ ತೊಳೆಯುವ ಹುಡುಗನ ಊಟಕ್ಕೆ ಲೆಕ್ಕ ಬರೆಯುವುದಿಲ್ಲ. ಕೋಟಿಗಟ್ಟಲೆ ಪೌಂಡು ತೆತ್ತು ಕೊಂಡ ಆಟಗಾರ ಬೆಂಚಿನ ಮೇಲೆ ಕುಳಿತಿರುವಾಗ, ಟಿಕೇಟು ಮಾರುವವಳ ಊಟದಲ್ಲಿ ಉಳಿತಾಯ ಹುಡುಕುವ ಯಜಮಾನಿಕೆ, ನಿಷ್ಠೆಯನ್ನು ಬೇರೆಯವರಿಂದ ಯಾವ ಬಾಯಿಂದ ಕೇಳೀತು?

ಆ ಊರಿನ ಅಭಿಮಾನಿಗಳು ಇದನ್ನು ಅರಿಯದವರಲ್ಲ. ಅದೇ ವರ್ಷದ ಮಾರ್ಚ್ 9ರಂದು ಸಾವಿರಾರು ಮಂದಿ ಕಪ್ಪು ಬಟ್ಟೆ ಧರಿಸಿ ಅಂಗಳದವರೆಗೆ ಮೆರವಣಿಗೆ ಹೋದರು. ಅವರ ಕೂಗು ಮೆನೇಜರರ ವಿರುದ್ಧವಲ್ಲ, ಮಾಲೀಕರ ವಿರುದ್ಧ. ಕೂಗಿ ಮುಗಿಸಿ, ಒಳಹೊಕ್ಕು, ತಮ್ಮ ತಂಡಕ್ಕೇ ಹಾಡಿದರು. ನಿಷ್ಠೆಯೆಂದರೆ ಇದೇ ಎಂದು ನಮ್ಮ ಭಾವನೆ. ಬಾಯಿ ಮುಚ್ಚಿಕೊಂಡಿರುವುದು ನಿಷ್ಠೆಯಲ್ಲ. ಎದ್ದು ಬೇರೆ ಅಂಗಡಿಗೆ ಹೋಗುವುದೂ ನಿಷ್ಠೆಯಲ್ಲ.

ಆದುದರಿಂದ ಆ ಇಬ್ಬರು ತರುಣರಿಗೆ ನಮ್ಮ ಉತ್ತರ ಇಷ್ಟು. ಮಾಣಿಯ ಮಾತಿನಲ್ಲಿ ನಿಜವಿದೆ: ಗಿರಾಕಿಯ ಎಲೆಯನ್ನು ನೋಡದ ಭಟ್ಟ ಬಹುಕಾಲ ಬಾಳುವುದಿಲ್ಲ, ಹಟವೇ ಪದ್ಧತಿಯಲ್ಲ. ಕಾರಕೂನನ ಮಾತಿನಲ್ಲಿಯೂ ನಿಜವಿದೆ: ಆರು ತಿಂಗಳಲ್ಲಿ ಯಾವ ಮನೆಯೂ ಕಟ್ಟಿ ಮುಗಿಯುವುದಿಲ್ಲ. ಎಷ್ಟು ದಿನ ಕಾಯಬೇಕೆಂದು ನೀವಿಬ್ಬರೂ ವಾದಿಸಿದಿರಿ. ಒಳಗೆ ಏನು ತುಂಬುತ್ತಿದೆ, ಯಾರು ತುಂಬುತ್ತಿದ್ದಾರೆಂದು ಮೊದಲು ಕೇಳಿ. ತುಂಬುತ್ತಿದ್ದರೆ ಹದಿಮೂರನೆಯ ಸ್ಥಾನದಲ್ಲಿಯೂ ಕಾಯಿರಿ. ಬರಿದಾಗುತ್ತಿದ್ದರೆ, ಎರಡು ಸಲ ಯುರೋಪು ಗೆದ್ದವರಾದರೂ ವಿನಯದಿಂದ ಎಚ್ಚರಿಸಿ. ಮತ್ತು ಬೇಳೆ ಸರಿಯಿಲ್ಲ ಎಂದು ಒಳಗಿನಿಂದ ಯಾರಾದರೂ ಹೇಳಿದರೆ, ನಾವು ಮಾಡಿದಂತೆ ಮಾಡಬೇಡಿ. ಮೂಟೆ ಬಿಚ್ಚಿಸಿ ನೋಡಿ.