ಆಟದ ಅಂಗಳದಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಬಾಗಿಲು ಬೇಕೇ?

ರಮಝಾನ್ ತಿಂಗಳಲ್ಲಿ ತರಾವೀಹ್ ನಮಾಝ್ ಮುಗಿದ ಮೇಲೆ ಗದಗ-ಬೆಟಗೇರಿಯ ಯಾವುದಾದರೊಂದು ಮೊಹಲ್ಲಾದ ಓಣಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಬೀದಿ ದೀಪದ ಕೆಳಗೆ ಕೇರಂ ಬೋರ್ಡು, ಅದರ ಸುತ್ತ ನಾಲ್ವರು ಹುಡುಗರು, ಅವರ ಹೆಗಲ ಮೇಲಿಂದ ಬಗ್ಗಿ ನೋಡುವ ಇನ್ನೂ ಹತ್ತು ಮಂದಿ. ಸ್ವಲ್ಪ ಮುಂದೆ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮೊಬೈಲಿನಲ್ಲಿ ಮುಳುಗಿದ ಮತ್ತೊಂದು ಗುಂಪು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಇದೇ ನೋಟ. ಆ ಹೊತ್ತಿನಲ್ಲಿ ಈ ಹುಡುಗರ ಅಕ್ಕ-ತಂಗಿಯರು ಎಲ್ಲಿರುತ್ತಾರೆ? ಮನೆಯೊಳಗೆ, ಸಹರಿಯ ಸಿದ್ಧತೆಯಲ್ಲಿ ಎಂದು ನೀವು ಹೇಳುವಿರಿ. ನಿಜ. ಆದರೆ ಆ ಕೆಲಸ ಮುಗಿದ ಮೇಲೆ ಅವರ ಕೈಯಲ್ಲೂ ಮೊಬೈಲ್ ಇರುತ್ತದೆ, ಅವರೂ ಆಡುತ್ತಾರೆ. ನಾವು ನೋಡುವುದಿಲ್ಲ, ಅಷ್ಟೆ.

ಹೆಣ್ಣುಮಕ್ಕಳ ಕೈಗೆ ಮೊಬೈಲನ್ನು ಕೊಟ್ಟವರು ನಾವೇ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಬಡ ನೇಕಾರರ ಮನೆಯಲ್ಲೂ ಸಾಲ ಮಾಡಿ ಒಂದು ಸ್ಮಾರ್ಟ್‌ಫೋನ್ ತಂದರು. ಶಾಲೆ ತೆರೆಯಿತು, ಫೋನು ಮನೆಯಲ್ಲೇ ಉಳಿಯಿತು. ಲೂಡೊದಿಂದ ಆರಂಭವಾದದ್ದು ಫ್ರೀ ಫೈರ್, ಬಿಜಿಎಂಐಗಳವರೆಗೆ ಬಂತು. ಸರಕಾರ 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿಯನ್ನು ನಿಷೇಧಿಸಿತು. ಅದು 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, 2022ರಲ್ಲಿ ಮತ್ತೆ ಮರೆಯಾಯಿತು, 2023ರಲ್ಲಿ ಪುನಃ ಬಂತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು ಇ-ಸ್ಪೋರ್ಟ್ಸ್ ಅನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವೀಡಿಯೊ ಆಟಗಳನ್ನು, ಕ್ರೀಡಾ ಇಲಾಖೆಯ ಅಡಿಗೆ ತಂದಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇವುಗಳಿಗೆ ಪದಕಗಳನ್ನೂ ಕೊಡಲಾಯಿತು. ಆದ್ದರಿಂದ ಇದನ್ನು ಬರೀ ಮಕ್ಕಳ ಹುಚ್ಚು ಎಂದು ತಳ್ಳಿಹಾಕುವ ಕಾಲ ಮುಗಿದಿದೆ.

ಮುಂಡರಗಿ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪದವಿ ಓದುತ್ತಿದ್ದಾಳೆ. ಓದಿನಲ್ಲೂ ಮುಂದು, ಆಟದಲ್ಲೂ ಮುಂದು. ಒಮ್ಮೆ ಮಾತಿನ ನಡುವೆ ಆಕೆ ಹೇಳಿದಳು: "ಸರ್, ನಾ ಹುಡುಗನ ಹೆಸರಿಟ್ಕೊಂಡು ಆಡ್ತೀನ್ರಿ. ಮೈಕ್ ಬಂದ್ ಮಾಡಿಟ್ಟಿರ್ತೀನಿ. ಹುಡುಗಿ ಅಂತ ಗೊತ್ತಾತಂದ್ರ ಬೈಗುಳ ಸುರು ಆಗ್ತಾವು, ಇಲ್ಲಾಂದ್ರ ನಂಬರ್ ಕೇಳ್ತಾರ. ಹೆಣ್ಣುಮಕ್ಕಳಿಗಂತನ ಬ್ಯಾರೆ ಟೂರ್ನಮೆಂಟ್ ಇದ್ರ ಚಲೋ ಆಗ್ತಿತ್ತಲ್ರಿ?"

ಮೈಕ್ ಬಂದ್ ಮಾಡುವುದೆಂದರೆ ಏನೆಂದು ಈ ಆಟ ಗೊತ್ತಿಲ್ಲದವರಿಗೆ ಹೇಳಬೇಕು. ಇವು ನಾಲ್ಕೈದು ಮಂದಿಯ ತಂಡದ ಆಟಗಳು. ಎದುರಾಳಿ ಎಲ್ಲಿ ಅಡಗಿದ್ದಾನೆ, ಯಾರು ಮುಂದೆ ಹೋಗಬೇಕು, ಯಾರು ಹಿಂದೆ ಕಾಯಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ಹೇಳುತ್ತಿರಬೇಕು. ಮಾತಾಡದವಳು ಕೈ ಚುರುಕಿದ್ದರೂ ಅರ್ಧ ಆಟಗಾರ್ತಿ. ಅವಳನ್ನು ಯಾವ ತಂಡವೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ಹೀಗೆ ಬೈಗುಳವೇ ಆಕೆಯನ್ನು ಸೋಲಿಸುತ್ತದೆ, ಎದುರಾಳಿಯಲ್ಲ.

ಓಟದಲ್ಲಿ, ಕುಸ್ತಿಯಲ್ಲಿ ಗಂಡು-ಹೆಣ್ಣಿಗೆ ಬೇರೆ ಸ್ಪರ್ಧೆ ಏಕೆಂದು ಯಾರೂ ಕೇಳುವುದಿಲ್ಲ. ದೇಹಬಲದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಮೊಬೈಲ್ ಪರದೆಯ ಮೇಲೆ ಆಡುವ ಹೆಬ್ಬೆರಳಿಗೆ ಯಾವ ತೋಳ್ಬಲ ಬೇಕು? ಈ ಪ್ರಶ್ನೆ 2014ರಲ್ಲಿ ಫಿನ್ಲೆಂಡ್‌ನಲ್ಲಿ ದೊಡ್ಡದಾಗಿಯೇ ಎದ್ದಿತು. ಹಾರ್ತ್‌ಸ್ಟೋನ್ ಎಂಬುದು ಇಸ್ಪೀಟಿನ ಹಾಗೆ ಎಲೆಗಳನ್ನಿಟ್ಟು ಕಂಪ್ಯೂಟರ್‌ನಲ್ಲಿ ಆಡುವ ಆಟ. ಅಂತಾರಾಷ್ಟ್ರೀಯ ಇ-ಸ್ಪೋರ್ಟ್ಸ್ ಒಕ್ಕೂಟದ ಸ್ಪರ್ಧೆಗೆ ಆಯ್ಕೆ ನಡೆಸುವಾಗ ಇದನ್ನು ಗಂಡಸರಿಗೆ ಮಾತ್ರ ಎಂದು ಪ್ರಕಟಿಸಿದರು. ಕುಳಿತಲ್ಲಿಂದ ಎಲೆ ಬಿಡುವುದಕ್ಕೆ ಗಂಡಸೇ ಆಗಬೇಕೆ ಎಂದು ಜಗತ್ತಿನೆಲ್ಲೆಡೆಯಿಂದ ಆಕ್ಷೇಪ ಬಂತು. ಒಕ್ಕೂಟವು ಕೆಲವೇ ದಿನಗಳಲ್ಲಿ ನಿಯಮ ಬದಲಿಸಿತು. ಗಂಡಸರ ವಿಭಾಗವನ್ನು ಎಲ್ಲರಿಗೂ ತೆರೆಯಿತು. ಆದರೆ ಮಹಿಳೆಯರ ಪ್ರತ್ಯೇಕ ವಿಭಾಗವನ್ನು ತೆಗೆಯಲಿಲ್ಲ. ಈ ತೀರ್ಮಾನದಲ್ಲಿ ಒಂದು ವಿವೇಕವಿದೆ ಎಂದು ನನಗೆ ಅನಿಸುತ್ತದೆ.

ಎರಡು ವರ್ಷಗಳ ನಂತರ, 2016ರಲ್ಲಿ, ದಕ್ಷಿಣ ಕೊರಿಯಾದ ಹದಿಹರೆಯದ ಹುಡುಗಿಯೊಬ್ಬಳು ಓವರ್‌ವಾಚ್ ಎಂಬ ಆಟದಲ್ಲಿ ಗುರಿಯಿಡುವ ರೀತಿ ಎಷ್ಟು ನಿಖರವಾಗಿತ್ತೆಂದರೆ, ಆಕೆ ಮೋಸ ಮಾಡುತ್ತಿದ್ದಾಳೆ ಎಂದು ಎದುರಾಳಿಗಳು ಆರೋಪಿಸಿದರು. ಗೆಗುರಿ ಎಂಬ ಹೆಸರಿನಲ್ಲಿ ಆಡುತ್ತಿದ್ದ ಕಿಮ್ ಸೆ-ಯಾನ್ ಎಂಬ ಆಕೆ, ಕ್ಯಾಮರಾದ ಮುಂದೆ ಕುಳಿತು ಎಲ್ಲರಿಗೂ ಕಾಣುವಂತೆ ಆಡಿ ತೋರಿಸಬೇಕಾಯಿತು. ಆಡಿದಳು. ಆರೋಪ ಸುಳ್ಳೆಂದು ಸಾಬೀತಾಯಿತು. 2018ರಲ್ಲಿ ಓವರ್‌ವಾಚ್ ಲೀಗಿನಲ್ಲಿ ಆಡಿದ ಮೊದಲ ಮಹಿಳೆ ಎನಿಸಿದಳು. ಹುಡುಗನೊಬ್ಬ ಅಷ್ಟೇ ಚೆನ್ನಾಗಿ ಆಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದವರೇ ಹುಡುಗಿಯಿಂದ ಸಾಕ್ಷ್ಯ ಕೇಳಿದರು.

ವೀಡಿಯೊ ಆಟಗಳಿಗೆ ಹೊಸದಾದ ಈ ಜಗಳ ಚದುರಂಗಕ್ಕೆ ಹಳೆಯದು. 1933ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಚೆಸ್ ಚಾಂಪಿಯನ್‌ಶಿಪ್ ಗೆದ್ದವರು ಅವಿಭಜಿತ ಭಾರತದ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಅದು ಅವರ ಮೂರನೆಯ ಗೆಲುವು. ಅದೇ ವರ್ಷ ಮಹಿಳೆಯರ ಪ್ರಶಸ್ತಿ ಯಾರ ಪಾಲಾಯಿತು ಗೊತ್ತೇ? ಮಿಸ್ ಫಾತಿಮಾ ಎಂಬ ಮುಸ್ಲಿಮ್ ಯುವತಿಗೆ. ಸರ್ ಉಮರ್ ಹಯಾತ್ ಖಾನರ ಪರಿವಾರದ ಜೊತೆ ಲಂಡನ್ನಿಗೆ ಹೋದ ಮನೆಗೆಲಸದ ಹುಡುಗಿ ಆಕೆ. ಆ ಪರಿವಾರ ಭಾರತಕ್ಕೆ ಮರಳಿದ ಮೇಲೆ ಆಕೆಯ ಆಟವೂ ಮುಗಿಯಿತು. ಸುಲ್ತಾನ್ ಖಾನರಿಗೆ ಅವರು ತೀರಿಕೊಂಡು ದಶಕಗಳಾದ ಮೇಲೆ, 2024ರಲ್ಲಿ, ವಿಶ್ವ ಚೆಸ್ ಸಂಸ್ಥೆಯು ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಫಾತಿಮಾಳ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅಲ್ಲಿ ಮಹಿಳೆಯರ ಸ್ಪರ್ಧೆಯೊಂದು ಇಲ್ಲದಿರುತ್ತಿದ್ದರೆ ಇಷ್ಟಾದರೂ ದಾಖಲೆಯಲ್ಲಿ ಉಳಿಯುತ್ತಿರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1976ರಲ್ಲಿ ಮುಂಬಯಿಯ 13 ವರ್ಷದ ರೋಹಿಣಿ ಖಾಡಿಲ್ಕರ್ ಭಾರತದ ಪುರುಷರ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಹೋದಾಗ ದೊಡ್ಡ ಗದ್ದಲವಾಯಿತು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವ ಚೆಸ್ ಸಂಸ್ಥೆಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಯೂವೆ, ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ತೀರ್ಪಿತ್ತರು. ಈಗ ಚೆಸ್‌ನಲ್ಲಿ ಪುರುಷರ ವಿಭಾಗ ಎಂಬುದೇ ಇಲ್ಲ. ಒಂದು ಓಪನ್, ಇನ್ನೊಂದು ಮಹಿಳೆಯರದ್ದು. ಹಂಗೇರಿಯ ಜುಡಿತ್ ಪೋಲ್ಗರ್ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ಕಡೆ ತಲೆಯೇ ಹಾಕದೆ ಓಪನ್‌ನಲ್ಲಿ ಆಡಿ, 2002ರಲ್ಲಿ ಕಾಸ್ಪರೋವ್‌ರನ್ನು ಸೋಲಿಸಿ, 2005ರಲ್ಲಿ ವಿಶ್ವದ 8ನೇ ಸ್ಥಾನಕ್ಕೇರಿದರು. ಅದೇ ಮಹಿಳೆಯರ ವಿಭಾಗದಿಂದಲೇ 2025ರಲ್ಲಿ ನಾಗಪುರದ ದಿವ್ಯಾ ದೇಶಮುಖ್ ವಿಶ್ವಕಪ್ ಗೆದ್ದು ಗ್ರಾಂಡ್‌ಮಾಸ್ಟರ್ ಆದರು. ಬಾಂಗ್ಲಾದೇಶದ ರಾಣಿ ಹಾಮಿದ್ ಮೂರು ಬಾರಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆಗಿದ್ದವರು. 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನ ಮಹಿಳಾ ವಿಭಾಗದಲ್ಲಿ ಆಡುವಾಗ ಅವರಿಗೆ 80 ವರ್ಷ. ನಮ್ಮ ಮೊಹಲ್ಲಾದ ಅಜ್ಜಿಯರಿಗೆ ಇದನ್ನು ಓದಿ ಹೇಳಿ!

ಕೇರಂ ನಮಗೆ ಇನ್ನೂ ಹತ್ತಿರದ್ದು. ಚೆನ್ನೈನ ಆಟೋ ಚಾಲಕರೊಬ್ಬರ ಮಗಳು ಎಂ. ಖಾಝಿಮಾ 2024ರ ನವೆಂಬರ್‌ನಲ್ಲಿ ಅಮೇರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಮೂರು ಚಿನ್ನ ಗೆದ್ದಳು. ಆಗ ಆಕೆಗೆ 17 ವರ್ಷ. ತಮಿಳುನಾಡು ಸರಕಾರ ಒಂದು ಕೋಟಿ ರೂಪಾಯಿ ಕೊಟ್ಟು ಗೌರವಿಸಿತು. ಖಾಝಿಮಾಳ ಹೆಸರನ್ನು ನಾನು ತರಗತಿಯಲ್ಲಿ ಹೇಳಿದಾಗ ಹುಡುಗಿಯರ ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. ಅವರ ಮನೆಯಲ್ಲೂ ಕೇರಂ ಬೋರ್ಡು ಇದೆ. ಆದರೆ ಅದು ಅಣ್ಣಂದಿರದ್ದು, ಓಣಿಗೆ ಹೋಗುವಂಥದ್ದು.

ಪ್ರತ್ಯೇಕ ಸ್ಪರ್ಧೆ ಇಟ್ಟರೆ ಹೆಣ್ಣುಮಕ್ಕಳು ದುರ್ಬಲರು ಎಂದು ನಾವೇ ಒಪ್ಪಿಕೊಂಡಂತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಉತ್ತರ ನಮ್ಮ ಕಣ್ಣ ಮುಂದಿದೆ. ನಮ್ಮ ಜಿಲ್ಲೆಯ ಎಷ್ಟೋ ತಂದೆ-ತಾಯಿಗಳು ಮಹಿಳಾ ಕಾಲೇಜು ಇದ್ದರೆ ಮಾತ್ರ ಮಗಳನ್ನು ಮುಂದೆ ಓದಿಸುತ್ತಾರೆ. ಅಲ್ಲಿ ಕಲಿತ ಹುಡುಗಿ ಬಿ.ಎ. ಪರೀಕ್ಷೆಗೆ ಕುಳಿತಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಅವಳಿಗೆ ಸುಲಭದ ಪ್ರಶ್ನೆಪತ್ರಿಕೆ ಕೊಡುತ್ತದೆಯೇ? ಇಲ್ಲ. ಕಲಿಯುವ ಕೋಣೆ ಬೇರೆ, ಪರೀಕ್ಷೆ ಒಂದೇ. ಎಸ್ಸೆಸ್ಸೆಲ್ಸಿಯಲ್ಲಿ ವರ್ಷ ವರ್ಷವೂ ಹುಡುಗಿಯರೇ ಮುಂದಿರುವುದನ್ನು ನಾವು ನೋಡುತ್ತಿದ್ದೇವೆ. ಆಟದಲ್ಲಿ ಹಿಂದುಳಿದಿರುವುದಕ್ಕೆ ಕಾರಣ ಬುದ್ಧಿಯಲ್ಲ, ಸಂಖ್ಯೆ. ಒಂದು ಊರಿನಲ್ಲಿ ಸಾವಿರ ಹುಡುಗರು ದಿನಕ್ಕೆ ಮೂರು ತಾಸು ಆಡಿ, ಐವತ್ತು ಹುಡುಗಿಯರು ಕದ್ದುಮುಚ್ಚಿ ಅರ್ಧ ತಾಸು ಆಡಿದರೆ ಮೊದಲ ಹತ್ತು ಸ್ಥಾನ ಯಾರಿಗೆ ಹೋಗುತ್ತದೆ? ಲೆಕ್ಕ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಮಹಿಳೆಯರ ಟೂರ್ನಮೆಂಟ್ ಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದು ಮಹಿಳಾ ಕಾಲೇಜಿನಂತಿರಬೇಕು, ಓಪನ್ ವಿಭಾಗದ ಬಾಗಿಲಿಗೆ ಬೀಗ ಹಾಕುವಂತಿರಬಾರದು.

ಪ್ರತ್ಯೇಕ ಎಂದಾಕ್ಷಣ ಸಮಾನ ಎಂದಾಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. 2024ರಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಇ-ಸ್ಪೋರ್ಟ್ಸ್ ವಿಶ್ವಕಪ್ ನಡೆಯಿತು. ಅಲ್ಲಿ ಮೊಬೈಲ್ ಲೆಜೆಂಡ್ಸ್ ಆಟದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ಇತ್ತು. ಒಟ್ಟು ಬಹುಮಾನ 5 ಲಕ್ಷ ಡಾಲರ್. ಅದೇ ಆಟದ ಮುಖ್ಯ ಸ್ಪರ್ಧೆಗೆ 30 ಲಕ್ಷ ಡಾಲರ್. ಕೌಂಟರ್-ಸ್ಟ್ರೈಕ್ ಆಟದಲ್ಲಿ 2022ರಲ್ಲಿ ಆರಂಭವಾದ ಮಹಿಳೆಯರ ದೊಡ್ಡ ಲೀಗು 2025ರಲ್ಲಿ, ಖರ್ಚು ಗಿಟ್ಟುವುದಿಲ್ಲ ಎಂಬ ಕಾರಣಕ್ಕೆ, ನಿಂತುಹೋಯಿತು. ಪ್ರಾಯೋಜಕರ ದಯೆಯ ಮೇಲೆ ನಿಂತ ಮನೆಯ ಗತಿ ಇದು.

ಇನ್ನು ನಮ್ಮ ಓದುಗರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಹೆಣ್ಣುಮಕ್ಕಳಿಗೆ ಆಟ, ಅದರಲ್ಲೂ ಸ್ಪರ್ಧೆ, ದೀನ್‌ಗೆ ಒಪ್ಪುವಂಥದ್ದೇ? ಪ್ರವಾದಿ ಮುಹಮ್ಮದ್(ಸ)ರು ಪ್ರಯಾಣದಲ್ಲಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ ವರದಿ ಅಬೂದಾವೂದ್‌ನಲ್ಲಿದೆ. ಮೊದಲ ಸಲ ಗೆದ್ದವರು ಆಯಿಶಾ(ರ), ಕಾಲಾನಂತರ ಇನ್ನೊಂದು ಸಲ ಗೆದ್ದವರು ಪ್ರವಾದಿ(ಸ). ಇಥಿಯೋಪಿಯಾದವರು ಮಸೀದಿಯಲ್ಲಿ ಈಟಿಯಾಟ ಆಡುವಾಗ ಪ್ರವಾದಿವರ್ಯರು(ಸ) ಆಯಿಶಾ(ರ)ರಿಗೆ ಮರೆಯಾಗಿ ನಿಂತು, ಅವರಿಗೆ ಸಾಕೆನಿಸುವಷ್ಟು ಹೊತ್ತು ನೋಡಲು ಬಿಟ್ಟರು. ಈ ಹದೀಸ್‌ಗಳನ್ನು ನಾವು ಮಿಂಬರ್‌ನಿಂದ ಕೇಳುತ್ತೇವೆ, ಸಂತೋಷಪಡುತ್ತೇವೆ, ಮನೆಗೆ ಬಂದು ಮಗಳಿಗೆ "ಹುಡುಗಿಗೆ ಆಟ ಯಾಕೆ?" ಎನ್ನುತ್ತೇವೆ.

ಎಲ್ಲ ಆಟವೂ ಸರಿ ಎಂದು ನಾನು ಹೇಳುತ್ತಿಲ್ಲ. ಚದುರಂಗದ ಬಗ್ಗೆಯೇ ಇಮಾಮರುಗಳಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫೀ ಮದ್‌ಹಬ್‌ನಲ್ಲಿ ನಿಲುವು ಬಿಗಿ, ಕರಾವಳಿಯವರ ಶಾಫಿಈ ಮದ್‌ಹಬ್‌ನಲ್ಲಿ ಸ್ವಲ್ಪ ಸಡಿಲ. ನಮಾಝ್ ತಪ್ಪಿಸುವ, ನಿದ್ದೆ ಕೆಡಿಸುವ, ಬಾಯಿ ಹೊಲಸು ಮಾಡುವ ಆಟ ಹುಡುಗರಿಗೂ ಸಲ್ಲದು. ಆ ಲೆಕ್ಕದಲ್ಲಿ ಓಣಿಯ ಕಟ್ಟೆಯ ಮೇಲೆ ಫಜ್ರ್‌ವರೆಗೆ ಗುಂಡು ಹಾರಿಸುತ್ತಾ ಕುಳಿತವರನ್ನು ಮೊದಲು ಎಬ್ಬಿಸಬೇಕು. ನಿಯಮ ಮಗಳಿಗೊಂದು, ಮಗನಿಗೊಂದು ಆಗಬಾರದು.

ಹಣದ ವಿಷಯ ಎಲ್ಲಕ್ಕಿಂತ ಗಂಭೀರ. ತಲಾ ಐವತ್ತು ರೂಪಾಯಿ ಸೇರಿಸಿ, ಗೆದ್ದವನು ಎಲ್ಲವನ್ನೂ ಒಯ್ಯುವ ಪದ್ಧತಿ ನಮ್ಮ ಊರುಗಳ ಕೇರಂ ಪಂದ್ಯಗಳಲ್ಲೂ ಇದೆ, ಮೊಬೈಲ್ ಪಂದ್ಯಗಳಲ್ಲೂ ಇದೆ. ಹೆಸರು ಪ್ರವೇಶ ಶುಲ್ಕ ಎಂದಿರಬಹುದು, ಕೆಲಸ ಜೂಜಿನದ್ದು. ಕುರ್‌ಆನಿನ ಅಲ್ ಮಾಇದ ಅಧ್ಯಾಯದಲ್ಲಿ ಮದ್ಯದ ಜೊತೆಗೇ ಜೂಜನ್ನೂ ನಿಷೇಧಿಸಲಾಗಿದೆ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಕೂಡಾ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಅದರಿಂದ ಬೇರ್ಪಡಿಸಿ ಕಾನೂನು ಮಾಡಿತು. ಆಟಗಾರರಲ್ಲದ ಮೂರನೆಯವರು ತಮ್ಮ ಕೈಯಿಂದ ಕೊಡುವ ಬಹುಮಾನ ಜೂಜಲ್ಲ ಎನ್ನುವ ವಿದ್ವಾಂಸರು ಬಹಳ. ಸಂಶಯವಿದ್ದವರು ಬಹುಮಾನವಾಗಿ ಪುಸ್ತಕ ಕೊಡಲಿ, ಕೇರಂ ಬೋರ್ಡನ್ನೇ ಕೊಡಲಿ.

ಈಗ ನಿಮ್ಮ ಊರಿನ ಜಮಾತ್‌ನವರೊಂದಿಗೆ, ಶಾಲೆಯ ಆಡಳಿತದವರೊಂದಿಗೆ ಮಾತಾಡಿ. ಬೇಸಿಗೆ ರಜೆಯಲ್ಲಿ ಒಂದು ದಿನ, ಒಂದು ಶಾಲೆಯ ಕೋಣೆ, ಆರು ಬೋರ್ಡು. ಕೇರಂ ಇರಲಿ, ಚೆಸ್ ಇರಲಿ, ರಕ್ತಪಾತವಿಲ್ಲದ ಮೊಬೈಲ್ ಆಟವೊಂದಿರಲಿ. ಅಂಪೈರ್ ಕೆಲಸ ಶಿಕ್ಷಕಿಯರು ಮಾಡಲಿ. ಹುಡುಗಿಯರ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಹಂಚುವ ಉತ್ಸಾಹಿಗಳನ್ನು ಬಾಗಿಲಲ್ಲೇ ತಡೆಯಿರಿ, ಒಂದೇ ಒಂದು ಫೋಟೋದಿಂದ ಮುಂದಿನ ವರ್ಷ ಅರ್ಧ ಹೆಸರುಗಳು ಕಡಿಮೆಯಾಗುತ್ತವೆ. ಊರಿನ ಇನ್ನೊಂದು ಸ್ಪರ್ಧೆಯ ಫಲಕದ ಮೇಲೆ "ಪುರುಷರಿಗೆ" ಎಂದು ಬರೆಯಬೇಡಿ, "ಎಲ್ಲರಿಗೆ" ಎಂದು ಬರೆಯಿರಿ. ಮಹಿಳಾ ವಿಭಾಗದಲ್ಲಿ ಗೆದ್ದವಳು, ಮನೆಯವರ ಒಪ್ಪಿಗೆಯಿದ್ದು ಅಲ್ಲಿಯೂ ಆಡಬಯಸಿದರೆ, ಅವಳಿಗೊಂದು ಸ್ಥಾನ ಕಾದಿಡಿ.

ಆರಂಭ ಬೆಳಿಗ್ಗೆ ಹತ್ತಕ್ಕಿರಲಿ, ಮುಕ್ತಾಯ ಅಸ್ರ್‌ಗೆ ಮೊದಲು. ಗದಗಿಗೆ ಮುಂಡರಗಿಯಿಂದಲೂ ಲಕ್ಷ್ಮೇಶ್ವರದಿಂದಲೂ ನಲವತ್ತು ಕಿಲೋಮೀಟರಿನ ಆಸುಪಾಸು ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೂ ಜೊತೆಗೆ ಬರುವ ಅಮ್ಮನಿಗೂ ಟಿಕೆಟ್ಟಿನ ಖರ್ಚಿಲ್ಲ. ನಾಲ್ಕರ ಬಸ್ಸು ಹಿಡಿದರೆ ಮಗ್ರಿಬ್‌ಗೆ ಮುಂಚೆ ಮನೆಯಲ್ಲಿರುತ್ತಾರೆ.