ನೆಲದೊಳಗಿನ ಜೋಳ, ಅಟ್ಟದ ಮೇಲಿನ ರೊಟ್ಟಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸಿನದು; ಅದೂ ಹೊತ್ತಿಗೆ ಸರಿಯಾಗಿ ಬೀಳುವ ಭರವಸೆಯಿಲ್ಲ. ಆದರೆ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ನಾಡಿನಲ್ಲಿ, ತಮ್ಮೂರಿಗೆ ಹನಿ ಮಳೆಯಾಗದಿದ್ದರೂ ಮಹಾರಾಷ್ಟ್ರದ ಮಳೆಯಿಂದಲೇ ಹೊಳೆದಂಡೆಯ ಹಳ್ಳಿಗಳು ಮುಳುಗುವುದುಂಟು. ಹೀಗಾಗಿ ಇಲ್ಲಿನ ಮನೆತನಗಳು ಎರಡು ಬಗೆಯ ಆಪತ್ತಿಗೆ ಅಣಿಯಾಗಬೇಕಾಗುತ್ತದೆ. ಬರದ ಸಿದ್ಧತೆ ಕಾಳನ್ನು ನೆಲದೊಳಗೆ ಇಳಿಸಿದರೆ, ನೆರೆಯ ಸಿದ್ಧತೆ ಅದನ್ನು ಅಟ್ಟಕ್ಕೆ ಏರಿಸುತ್ತದೆ.

ಬರದ ನೆನಪು ಇಲ್ಲಿ ಹಳೆಯದು. ಈ ಪ್ರದೇಶವು ಕಲಾದಗಿ ಜಿಲ್ಲೆಯೆಂಬ ಹೆಸರಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1876ರಿಂದ 78ರವರೆಗೆ ಬಿದ್ದ ಬರದಲ್ಲಿ ಅಪಾರ ಜನ, ದನ ನಾಶವಾದವು. ಇಂಥ ಕಾಲಕ್ಕೆಂದು ಒಕ್ಕಲು ಮನೆಗಳು ನೆಚ್ಚಿಕೊಂಡಿದ್ದ ಉಪಾಯವೇ ಹಗೇವು, ಅಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹಗೇವಿಗೆ ಎತ್ತರದ ಗಟ್ಟಿ ಗರಸು ನೆಲವನ್ನೇ ಆರಿಸಬೇಕು. ಆಳು ಇಳಿಯುವಷ್ಟೇ ಬಾಯಿ ಇರಿಸಿ, ಕೆಳಗೆ ಹೊಟ್ಟೆ ಅಗಲಿಸಿ ತೋಡಿ, ಗೋಡೆ ಒಣಗಿದ ಮೇಲೆ ಸುತ್ತಲೂ ಜೋಳದ ರವದಿ, ಅಂದರೆ ಒಣಗಿದ ಸೊಪ್ಪೆಯ ಎಲೆ, ಹಾಸಿ, ಕಾಳು ಸುರಿದು, ಮೇಲೆ ಮತ್ತೆ ರವದಿ ಹೊದಿಸಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿ ಬಿಡುತ್ತಿದ್ದರು. ತುಂಬುವ ಮುನ್ನ ಕಾಳನ್ನು ಹಲ್ಲಿಗೆ ಹಾಕಿ ಕಡಿದು ನೋಡುವುದು ವಾಡಿಕೆ: ಕಟಕ್ಕೆಂದು ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು.

ಮುಚ್ಚಿದ ಹಗೇವಿನಲ್ಲಿ ಕಾಳೂ ಅದರೊಳಗಿನ ಹುಳುವೂ ಉಸಿರಾಡಿ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುವುದರಿಂದ ಕೊನೆಗೆ ಹುಳು ತಾನೇ ಸಾಯುತ್ತದೆ. ಯಾವ ಔಷಧಿಯೂ ಬೇಕಿಲ್ಲ. ಹುಳುವನ್ನು ಕೊಲ್ಲುವ ಆ ಗಾಳಿಯೇ ಮನುಷ್ಯನನ್ನೂ ಕೊಲ್ಲುತ್ತದೆಂಬುದನ್ನು ಮಾತ್ರ ಮರೆಯಲಾಗದು. ಬಾಯಿ ತೆರೆದು ಬಹುಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರಷ್ಟೇ ಆಳು ಇಳಿಯುವ ಹಳೆಯ ಕ್ರಮ ಜಾಣತನದ್ದೇ ಆದರೂ ಸಾಲದು; ದೀಪ ಉರಿಯುತ್ತಿರುವಾಗಲೂ ಇಂಗಾಲದ ಡೈಆಕ್ಸೈಡು ಜೀವಕ್ಕೆ ಅಪಾಯವಾಗುವಷ್ಟು ಇರಬಲ್ಲದು.

ರೇಷನ್ ಅಂಗಡಿಯೂ ಮಾರುಕಟ್ಟೆಯೂ ಬಂದ ಮೇಲೆ ಹಗೇವುಗಳು ಮಣ್ಣು ತುಂಬಿಸಿಕೊಂಡವು. ಅವನ್ನು ಹಾಗೆಯೇ ಮರಳಿ ತೋಡಬೇಕೆನ್ನುವುದು ಬರೀ ಹಳೆಯದರ ಮೋಹ: ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆ ನೀರು ಹರಿದು ಅಂತರ್ಜಲ ಮೇಲೆದ್ದ ಕಡೆ ಹಗೇವಿನ ಜೋಳ ಮುಗ್ಗುವುದೇ ಸರಿ. ಉಳಿಸಿಕೊಳ್ಳಬೇಕಾದದ್ದು ಗುಂಡಿಯನ್ನಲ್ಲ, ಅದರ ತತ್ವವನ್ನು. ಚೆನ್ನಾಗಿ ಒಣಗಿಸಿದ ಕಾಳನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಕಂಠಮಟ್ಟ ತುಂಬಿ ಗಾಳಿಯಾಡದಂತೆ ಮುಚ್ಚಿದರೆ ಅದೇ ಕೆಲಸ ನಡೆಯುತ್ತದೆ. ಬಿತ್ತನೆಯ ಕಾಳನ್ನು ಬೂದಿ ಬೆರೆಸಿ ಬೇರೆಯಾಗಿ ಇಡುವುದು ಲೇಸು.

ಇನ್ನು ಬರಕ್ಕೆ ಎಲ್ಲಕ್ಕಿಂತ ದೊಡ್ಡ ಕಣಜವೆಂದರೆ ಎರಿ ಹೊಲವೇ. ಹಿಂಗಾರಿ ಜೋಳ ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುವುದರಿಂದ, 1930ರ ದಶಕದಿಂದ ಒಣಬೇಸಾಯದ ಸಂಶೋಧನೆ ನಡೆದಿರುವ ವಿಜಯಪುರದ ಕೃಷಿ ವಿಜ್ಞಾನಿಗಳು ಚೌಕು ಮಡಿಗಳನ್ನು, ಅಂದರೆ ಬಿದ್ದ ಮಳೆ ಬಿದ್ದಲ್ಲೇ ಇಂಗುವಂತೆ ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ವಿಭಾಗಿಸುವುದನ್ನು, ಸಲಹೆ ಮಾಡುತ್ತ ಬಂದಿದ್ದಾರೆ. ದನಗಳ ಪಾಲಿಗೆ ಕಣಿಕಿಯ, ಅಂದರೆ ಒಣಗಿದ ಜೋಳದ ದಂಟಿನ, ಬಣವಿ ಇದ್ದೇ ಇದೆ.

ನೆರೆಯ ಲೆಕ್ಕ ಬೇರೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಭೀಮೆಗೆ ಬಂದಾಗ ಇಂಡಿ, ಸಿಂದಗಿ ಕಡೆಯ ದಂಡೆಯ ಹಳ್ಳಿಗಳು ಜಲಾವೃತವಾದವು. ಅಂಥ ದಿನ ಒಲೆ ನೀರಿನಲ್ಲಿರುತ್ತದೆ, ಕುಳ್ಳು ತೊಯ್ದಿರುತ್ತದೆ, ಕರೆಂಟು ಇರುವುದಿಲ್ಲ. ಮೂಟೆಗಟ್ಟಲೆ ಜೋಳ ಇದ್ದರೂ ಬೇಯಿಸಲಾಗದು. ಆಗ ಕೈಹಿಡಿಯುವುದು ಕಡಕ್ ರೊಟ್ಟಿ: ಎಸರು ಹಾಕಿ ನಾದಿ, ತೆಳ್ಳಗೆ ಬಡಿದು ಬೇಯಿಸಿ, ತೇವವೆಲ್ಲ ಹೋಗಿ ಗರಿಯಾಗುವವರೆಗೆ ಒಣಗಿಸಿದ ಜೋಳದ ರೊಟ್ಟಿ. ತೇವ ತಾಗದಂತೆ ಇಟ್ಟರೆ ಅದು ತಿಂಗಳಿಗೂ ಕೆಡುವುದಿಲ್ಲ, ಶೇಂಗಾ ಹಿಂಡಿಯೋ ಗುರೆಳ್ಳು ಹಿಂಡಿಯೋ ಜೊತೆಗಿದ್ದರೆ ಒಲೆಯ ಹಂಗೂ ಇಲ್ಲ. ಕುಡಿಯುವ ನೀರು ಮಾತ್ರ ಇಷ್ಟು ಸುಲಭವಲ್ಲ; ನೆರೆ ಹೊಕ್ಕ ಬಾವಿಯ ನೀರನ್ನು ಕುದಿಸದೆ ಬಾಯಿಗೆ ಹಾಕಬಾರದು.

ಭೀಮೆ, ಕೃಷ್ಣೆ, ಡೋಣಿಯ ದಂಡೆಯ ಮನೆಗಳವರು ಮಳೆಗಾಲ ಮುಗಿಯುವವರೆಗೆ ಒಂದು ಡಬ್ಬಿ ರೊಟ್ಟಿ, ಹಿಂಡಿ, ಮುಚ್ಚಿದ ಕೊಡದಲ್ಲಿ ನೀರು, ಕಡ್ಡಿಪೆಟ್ಟಿಗೆ, ಬ್ಯಾಟರಿ, ಹೊಲದ ಉತಾರೆ ಮತ್ತು ಆಧಾರ್ ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲೆ ಇರಿಸಿಕೊಳ್ಳಲಿ. ಹೊಳೆ ಏರುವ ಸುದ್ದಿ ಬಂದೊಡನೆ ಮೊದಲು ದನದ ಹಗ್ಗ ಬಿಚ್ಚಲಿ.