ಅಪ್ಪನ ಬಲಗೈ ಮತ್ತು ಬನಾರಸಿನ ರೇಷ್ಮೆ

ಹೋದ ಡಿಸೆಂಬರಿನಲ್ಲಿ ಅಪ್ಪ-ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ನ್ಯೂಜೆರ್ಸಿಯಿಂದ ರಜೆ ಹಾಕಿ ಬಂದದ್ದೇ ಅದಕ್ಕಾಗಿ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದಾಗ ಅಮ್ಮ ವಿಶ್ವನಾಥನಿಗೆ ಹರಕೆ ಹೊತ್ತಿದ್ದಳು. ನಮ್ಮ ಕಡೆಯ ಬಹಳ ಮಂದಿ ಹೋಗುವ ಜಂಗಮವಾಡಿ ಮಠದಲ್ಲೇ ನಾವೂ ಇಳಿದುಕೊಂಡೆವು.

ಮಠದಿಂದ ನಾಲ್ಕು ಹೆಜ್ಜೆ ನಡೆದರೆ ಮದನಪುರ. ಬನಾರಸಿ ಸೀರೆ ನೇಯುವವರ ಕೇರಿ. ಮರುದಿನ ಬೆಳಿಗ್ಗೆ ಆ ಗಲ್ಲಿಯಲ್ಲಿ ಹೋಗುವಾಗ ಮಗ್ಗದ ಸದ್ದು ಕೇಳಿ ಅಪ್ಪ ನಿಂತೇಬಿಟ್ಟರು. ಗುಳೇದಗುಡ್ಡದಲ್ಲಿ ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕೂತು ಖಣ ನೇಯ್ದವರು ಅವರು. ನನ್ನ ಹರಕುಮುರುಕು ಹಿಂದಿಯಲ್ಲಿ ಅಷ್ಟು ಹೇಳಿದ್ದೇ ತಡ, ಮನೆಯವರು ಒಳಗೆ ಕರೆದು ಚಹಾ ಕೊಟ್ಟರು.

ಅಪ್ಪ ಮಗ್ಗದ ಮೇಲಿನ ಬಟ್ಟೆಯನ್ನು ಬಲಗೈಯಿಂದ ಸವರಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೂ ತಿಳೀವಲ್ದೋ ತಮ್ಮಾ" ಎಂದರು. ಆಮೇಲೆ ಎಡಗೈ ಇಟ್ಟರು. "ಹಾಂ, ರೇಷ್ಮಿ. ಹುರಿ ಚಲೋ ಐತಿ."

ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಎರಡು ವರ್ಷ ನಾನು ಪ್ರತಿ ವಿಡಿಯೊ ಕಾಲ್‌ನಲ್ಲೂ ಕೇಳಿದ್ದು ಒಂದೇ ಪ್ರಶ್ನೆ: "ಕೈ ಎತ್ತತೀ ಏನಪಾ? ಬೆರಳು ಮಡಚತೀ?" ಎತ್ತುತ್ತಿದ್ದರು, ಮಡಚುತ್ತಿದ್ದರು. ನನಗೆ ಸಮಾಧಾನವಾಗುತ್ತಿತ್ತು. ಲೋಟವನ್ನು ಕಣ್ಣಿಂದ ನೋಡದೆ ಹಿಡಿದರೆ ಯಾಕೆ ಜಾರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕೈ ಚಲಿಸುವುದಕ್ಕೆ ಕಲಿತಿತ್ತು, ಮುಟ್ಟಿದ್ದು ಏನೆಂದು ಹೇಳುವುದನ್ನು ಮರೆತಿತ್ತು.

ಆ ಮಗ್ಗದ ಮೇಲೆ ಜಕಾರ್ಡ್ ಇತ್ತು. ತೂತು ಕೊರೆದ ರಟ್ಟುಗಳ ಸರಮಾಲೆ. ನಮ್ಮ ಕಂಪ್ಯೂಟರಿನ ಪೂರ್ವಜರಲ್ಲಿ ಅದೂ ಒಂದು. ಹಾಸಿನ ಯಾವ ಎಳೆ ಏಳಬೇಕೆಂದು ರಟ್ಟು ಹೇಳುತ್ತದೆ. ಎಳೆ ಕಡಿದರೆ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ, ಅದು ನೇಕಾರನ ಬೆರಳಿಗೇ ಗೊತ್ತಾಗಬೇಕು. ಆಜ್ಞೆ ಒಂದು ಕಡೆಯಿಂದ ಹೋಗುತ್ತದೆ, ಸುದ್ದಿ ಇನ್ನೊಂದು ಕಡೆಯಿಂದ ಬರಬೇಕು. ಅಪ್ಪನ ಕೈಯಲ್ಲಿ ಈ ಬರುವ ದಾರಿ ಮುಚ್ಚಿತ್ತು.

ಮಿದುಳನ್ನು ಯಂತ್ರಕ್ಕೆ ಜೋಡಿಸುವ ವಿಜ್ಞಾನಿಗಳಿಗೂ ಎದುರಾದದ್ದು ಇದೇ ಸಮಸ್ಯೆ. ಮೊದಲ ಪ್ರಯೋಗಗಳೆಲ್ಲ ಹೆಚ್ಚಾಗಿ ಹೋಗುವ ದಾರಿಯವು: ಮಿದುಳಿನ ಸಂಕೇತ ಓದಿ ರೋಬಾಟ್ ಕೈಯನ್ನು ಆಡಿಸುವುದು. ಅಮೆರಿಕದ ನೇಥನ್ ಕೋಪ್‌ಲ್ಯಾಂಡ್ 2004ರಲ್ಲಿ ಕಾರು ಅಪಘಾತದಲ್ಲಿ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಕಳೆದುಕೊಂಡವರು. 2015ರಲ್ಲಿ ಪಿಟ್ಸ್‌ಬರ್ಗ್‌ನ ವೈದ್ಯರು ಅವರ ಮಿದುಳಿನಲ್ಲಿ ಅಂಗಿ ಗುಂಡಿಗಿಂತ ಚಿಕ್ಕದಾದ ನಾಲ್ಕು ವಿದ್ಯುದ್ವಾರದ ಫಲಕಗಳನ್ನು ಕೂರಿಸಿದರು. ಎರಡು ಚಲನೆಯ ಭಾಗದಲ್ಲಿ, ಎರಡು ಸ್ಪರ್ಶದ ಭಾಗದಲ್ಲಿ. ರೋಬಾಟ್ ಬೆರಳನ್ನು ಯಾರಾದರೂ ಒತ್ತಿದರೆ ಸ್ಪರ್ಶದ ಭಾಗಕ್ಕೆ ಸಣ್ಣ ವಿದ್ಯುತ್ ಮಿಡಿತ ಹೋಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ಯಾವ ಬೆರಳು ಮುಟ್ಟಿದರೆಂದು ಅವರು ಹೆಚ್ಚಿನ ಸಲ ಸರಿಯಾಗಿ ಹೇಳಿದರು. 2016ರಲ್ಲಿ ಅಧ್ಯಕ್ಷ ಒಬಾಮಾ ಆ ರೋಬಾಟ್ ಕೈಗೆ ಮುಷ್ಟಿ ತಾಗಿಸಿದ ಚಿತ್ರವನ್ನು ನೀವೂ ನೋಡಿರಬಹುದು. 2021ರಲ್ಲಿ ಪ್ರಕಟವಾದ ಫಲಿತಾಂಶ ಇನ್ನೂ ಮುಖ್ಯ. ವಸ್ತುವನ್ನು ಹಿಡಿದು ಬೇರೆಡೆ ಇಡುವ ಕೆಲಸಕ್ಕೆ ಬರೀ ಕಣ್ಣಿನ ಆಧಾರದಲ್ಲಿ ಸುಮಾರು 20 ಸೆಕೆಂಡು ಬೇಕಾದರೆ, ಸ್ಪರ್ಶ ಸೇರಿದಾಗ ಸುಮಾರು 10 ಸೆಕೆಂಡು ಸಾಕಾಯಿತು.

ಇದನ್ನು ಓದಿ ಅಂದು ರಾತ್ರಿ ಮಠದ ಕೋಣೆಯಲ್ಲಿ ನಾನು ಸಣ್ಣ ಹುಡುಗನ ಹಾಗೆ ಹಿಗ್ಗಿದೆ. ಅಪ್ಪನಿಗೂ ಇದಾಗಬಾರದೇಕೆ? ಬೆಳಗಾಗುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಕೋಪ್‌ಲ್ಯಾಂಡ್‌ರಿಗೆ ದಾರಿ ಕಡಿದಿತ್ತು, ಊರು ಹಾಗೇ ಇತ್ತು. ಮಿದುಳಿನ ಸ್ಪರ್ಶದ ಭಾಗ ಸುದ್ದಿಗಾಗಿ ಕಾದಿತ್ತು. ಪಾರ್ಶ್ವವಾಯುವಿನಲ್ಲಿ ಪೆಟ್ಟು ಬೀಳುವುದು ಮಿದುಳಿಗೇ, ಸುದ್ದಿ ಕೇಳಬೇಕಾದ ಊರಿಗೇ. ಅಲ್ಲಿಗೆ ತಂತಿ ಎಳೆದರೆ ಸಾಲದು. ಉಳಿದ ಮಿದುಳು ಆ ಕೆಲಸವನ್ನು ಹೊಸದಾಗಿ ಕಲಿಯಬೇಕು.

ಆ ಕಲಿಕೆಗೆ ನೆರವಾಗುವ ಕೆಲಸವೊಂದು ದೂರವೇನೂ ಇಲ್ಲ, ಕಾಶಿಗೆ ಬರುವ ಮೊದಲು ಇದೇ ಗಂಗೆ ಹಾದುಬರುವ ಕಾನ್ಪುರದಲ್ಲಿ ನಡೆದಿದೆ. ಅಲ್ಲಿನ ಐಐಟಿಯ ಪ್ರೊಫೆಸರ್ ಆಶಿಷ್ ದತ್ತಾ ಪಾರ್ಶ್ವವಾಯುವಾದವರಿಗಾಗಿ ಕೈಗೆ ತೊಡುವ ಒಂದು ಯಂತ್ರ ರೂಪಿಸಿದ್ದಾರೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ. ಬೆರಳು ಮಡಚಬೇಕೆಂದು ಮನಸ್ಸು ಮಾಡಿದರೂ ಸಾಕು, ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಏರಿಳಿಯುವ ಒಂದು ಅಲೆ ತಗ್ಗುತ್ತದೆ. ಇಂಥ ಬದಲಾವಣೆಗಳನ್ನು ತಲೆಯ ಮೇಲಿನ ಇಇಜಿ ಹಿಡಿಯುತ್ತದೆ, ಯಂತ್ರ ಬೆರಳನ್ನು ಮಡಚುತ್ತದೆ. ಮಡಚಿದ ಬೆರಳಿನ ಚರ್ಮ, ಕೀಲು, ಸ್ನಾಯುಗಳಿಂದ ಸುದ್ದಿ ಆ ಕ್ಷಣದಲ್ಲೇ ಮಿದುಳಿಗೆ ವಾಪಸು ಹೊರಡುತ್ತದೆ. ಬಯಸಿದ್ದೂ ಅನುಭವಕ್ಕೆ ಬಂದದ್ದೂ ಒಟ್ಟಿಗೇ ನಡೆದರೆ ಮಿದುಳು ಬೇಗ ಕಲಿಯುತ್ತದೆ ಎಂಬುದು ಇದರ ಹಿಂದಿನ ತತ್ವ. ಭಾರತ ಮತ್ತು ಬ್ರಿಟನ್ನಿನ ಕೆಲವೇ ರೋಗಿಗಳ ಮೇಲೆ ಇದರ ಪ್ರಯೋಗವಾಗಿದೆ. ನಮ್ಮೂರಿನ ಆಸ್ಪತ್ರೆಗೆ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ಹಳೆಯ ಅಭ್ಯಾಸವೊಂದಿದೆ. ಕಣ್ಣು ಮುಚ್ಚಿ, ಬಲಗೈಗೆ ಬೇರೆಬೇರೆ ವಸ್ತು ಕೊಟ್ಟು, ಏನೆಂದು ಕೇಳುವುದು. ತಪ್ಪಾದರೆ ಕಣ್ಣು ಬಿಟ್ಟು ನೋಡಿ, ಎಡಗೈಯಿಂದ ಮುಟ್ಟಿ, ಮತ್ತೆ ಬಲಗೈಗೆ ಕೊಡುವುದು. ಮದನಪುರದ ಆ ಮನೆಯವರು ಹೊರಡುವಾಗ ಒಂದು ರೇಷ್ಮೆ ತುಣುಕು ಕೊಟ್ಟಿದ್ದರು, ದುಡ್ಡು ತಗೊಳ್ಳಲಿಲ್ಲ. ಈಗ ಅಮ್ಮ ದಿನಾ ಅದನ್ನೂ ಒಂದು ಹತ್ತಿ ಬಟ್ಟೆಯನ್ನೂ ಅಪ್ಪನ ಕೈಗೆ ಹತ್ತು ಸಲ ಅದಲುಬದಲು ಮಾಡಿ ಕೊಡುತ್ತಾಳೆ. ನಾನು ಇಲ್ಲಿ ಕೂತು ಲೆಕ್ಕ ಬರೆಯುತ್ತೇನೆ. ಶುರುವಿನಲ್ಲಿ ಹತ್ತಕ್ಕೆ ಐದು, ಅಂದರೆ ಬರೀ ಊಹೆ. ಹೋದ ವಾರ ಎರಡು ದಿನ ಏಳು ಬಂತು, ನಿನ್ನೆ ಮತ್ತೆ ಐದು. "ಬರಕೋ, ಸುಳ್ಳ ಬರೀಬ್ಯಾಡ" ಎಂದರು ಅಪ್ಪ.

ದೂರದಲ್ಲಿರುವ ಮಕ್ಕಳಿಗೆ ಒಂದೇ ಮಾತು. ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಆಗಿದ್ದರೆ ಕೈ ಎತ್ತುತ್ತಾರಾ ಎಂದಷ್ಟೇ ಕೇಳಬೇಡಿ. ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದೂ ಕೇಳಿ, ವೈದ್ಯರಿಗೂ ಹೇಳಿ. ನಾನು ಎರಡು ವರ್ಷ ತಡ ಮಾಡಿದೆ.